ನಾಕು ಗಂಟೆಯ ತನಕ

ಕಿವಿ ಡಾಕ್ಟರು ಸೊಲ್ಲಾಪುರಕ್ಕ ಹೋಗ್ಯಾರ,
ನಾಕಕ್ಕ ಬರ್ತಾರ, ಅಂದಳು
ಚೀಟಿ ಬರಿಯೂ ಹುಡುಗಿ, ಮೊಬೈಲಿನಿಂದ ಕಣ್ಣೆತ್ತದ.
ಗೋಡಿ ಗಡಿಯಾರದಾಗ ಹತ್ತೂ ಇಪ್ಪತ್ತು.
"ಏನಂತ?" ಅಂದಳು ಅತ್ತಿ.
ನಾಕು ಬೆರಳು ತೋರಿಸಿದೆ.
"ನಾಕುನೂರ? ಬರೇ ನೋಡಾಕ?"

ದೇವರ ಹಿಪ್ಪರಗಿಯಿಂದ ಮುಂಜಾನಿ ಮೊದಲ ಬಸ್ಸಿಗೆ ಬಂದವರು.
ಅತ್ತಿ ಈ ಊರು ಕಂಡದ್ದು
ಒಂದು ಸಲ ಹೆರಿಗಿಗೆ, ಎರಡು ಸಲ ಕೋರ್ಟಿಗೆ.
ಗುಮ್ಮಟ ಕಂಡದ್ದು ಬಸ್ಸಿನ ಕಿಟಕ್ಯಾಗ,
ಮಂದಿ ತಲಿ ನಡುವ, ಅರ್ಧ.

ಹೊರಗ ಟಾಂಗಾ. ಕುದುರಿ ಕಿವಿಗೆ ಕೆಂಪು ಗೊಂಡೆ.
"ಹತ್ರಿ ಅಕ್ಕಾರ, ನಿಮ್ಮ ನಾಕಕ್ಕ ಇಲ್ಲೇ ತಂದು ಇಳಸ್ತೀನಿ"
ಅಂದ ಮೈಬೂಬಸಾಬ.
ಅತ್ತಿ ಕೇಳಿಸಿಕೊಳ್ಳದನ ಹತ್ತಿ ಕುಂತಿದ್ದಳು.

ಬಾರಾ ಕಮಾನಿನ ಮ್ಯಾಲ
ಆಕಾಶ ಬಿಟ್ಟರ ಏನೂ ಇಲ್ಲ.
"ಸ್ಲ್ಯಾಬಿಗಿ ರೊಕ್ಕ ಸಾಲಲಿಲ್ಲೇನು?"
"ರಾಜಾನ ತೀರಿಕೊಂಡ" ಅಂದ ಟಾಂಗಾದಾಂವ.
ಆಕಿ ಆಗಲೇ ನಮ್ಮ ಹಿತ್ತಲ ಖೋಲಿ ಮಾತು ತಗದಿದ್ದಳು:
ಮಳಿಗಿ ನೆನದು ಕಲ್ಲಾದ
ಹನ್ನೊಂದು ಚೀಲ ಸಿಮೆಂಟು.

ತೋಪಿನ ಮೈ ಬಿಸಿಲಾಗೂ ತಣ್ಣಗ.
ಅದರ ಬಾಯಿ ಸಿಂಹದ್ದು, ಸಿಂಹದ ಬಾಯಾಗ ಆನಿ.
"ಪಾಪ, ಅದರ ಕಿವಿ ನೋಡು" ಅಂದಳು.
ತೋಪು ಹಾರಿಸಿದಾಂವ ಕಿವುಡಾಗಬಾರದಂತ
ನೀರಿನ ಹೊಂಡಕ್ಕ ಜಿಗೀತಿದ್ದನಂತ,
ಮೈಬೂಬಸಾಬ ಕೈ ಮಾಡಿ ಜಿಗಿದು ತೋರಿಸಿದ.
ಅತ್ತಿ ಸುಮ್ಮನ ನಿಂತಳು.
ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡಿಸಿದಾಕಿ.
ಊರೆಲ್ಲಾ ಕರಿಯೂದು ಗಿರಣಿಯಕ್ಕ.
"ನನಗೆಲ್ಲಿತ್ತು ಹೊಂಡ?"

ಗೋಳಗುಮ್ಮಟದ ಮೆಟ್ಟಲಾ ನನ್ನ ಉಸರು ಕಿತ್ತವು.
ಆಕಿ ಮೊಣಕಾಲಿಗೆ ಬೈಕೋತ, ಅದನ್ನ ದಬ್ಬಿಕೋತ, ಏರಿದಳು.
ಮ್ಯಾಲ ಸಾಲಿ ಹುಡುಗೂರ ಗದ್ದಲ:
ಸೀಟಿ, ಚಪ್ಪಾಳಿ, ಯಾವಳೋ ಒಬ್ಬಾಕಿ ಹೆಸರು.
ಒಂದೊಂದೂ ಏಳೇಳು ಸಲ ಸುತ್ತಿ ಬರೂವು.
"ಯಾಕ ಎಲ್ಲಾರೂ ಬಾಯಿ ತಕ್ಕೊಂಡು ನಿಂತಾರ?"
ಅಂಗೈ ಗೋಡಿಗೆ ಹಚ್ಚಿದಳು.
"ಬೀಸಾಕತ್ತೈತಿ" ಅಂದಳು, "ಕಲ್ಲು ಸಣ್ಣಗ ಇಟ್ಟಾರ."

ಮಾಸ್ತರು ಹುಡುಗೂರನ್ನ ಇಳಿಸಿಕೊಂಡು ಹ್ವಾದರು.
ಉಳಿದವು ಪಾರಿವಾಳ.
ಬಲಗಿವಿ ಗೋಡಿಗೆ ಬರೂಹಂಗ ಆಕೀನ ಕುಂದರಿಸಿ
ನಾ ಅರ್ಧ ಸುತ್ತು ನಡದು ಎದುರಿಗೆ ಹ್ವಾದೆ.
ಅಲ್ಲಿಂದ ಅತ್ತಿ ಅಂದ್ರ
ಇಳಕಲ್ಲ ಸೀರಿಯ ಒಂದು ಗಂಟು.

ಏನು ಹೇಳೂದು?
ಹನ್ನೆರಡು ವರ್ಷ ಒದರೇನಿ:
ಹಾಲು ಉಕ್ಕತೂ, ಗುಳಿಗಿ ನುಂಗ್ರೀ,
ಕರೆಂಟ್ ಬಿಲ್ಲಿನಾಂವ ಬಂದಾನೂ.
ಒದರದ ಹೇಳೂ ಮಾತು
ನನ್ನ ಹಂತೇಲಿ ಒಂದೂ ಇರಲಿಲ್ಲ.

ತುಟಿ ಕಲ್ಲಿಗೆ ತಾಗಿತು. ಸುಣ್ಣದ ವಾಸನಿ.
ರೇಷನ್ ಕಾರ್ಡಿನಾಗ ಓದಿದ್ದು,
ಯಾವತ್ತೂ ಕರೀದಿದ್ದು, ಕರೀಬಾರದ್ದು,
ಅದು ಹೊರಗ ಬಿತ್ತು:
ಶಾವಂತ್ರೆವ್ವಾ.

ಆಕಿ ಹೊಳ್ಳಿ ನೋಡಲಿಲ್ಲ.
ತಲಿ ಮ್ಯಾಲಿನ ಸೆರಗು ಒಂದೀಟು ಮುಂದ ಎಳಕೊಂಡಳು.
ಸೆಕಿಗಿ ಇರಬೇಕು.
ಅಲ್ಲಿ ಗಾಳಿ ಇರಲಿಲ್ಲ.

ಬೇವಿನ ನೆಳ್ಳಾಗ ರೊಟ್ಟಿ ಬುತ್ತಿ ಬಿಚ್ಚಿದಿವಿ.
ಮೈಬೂಬಸಾಬನಿಗೂ ಒಂದು, ಶೇಂಗಾ ಚಟ್ನಿ ಮೆತ್ತಿ.
"ಉಪ್ಪು ಕಡಿಮಿ" ಅಂದಳು ನನಗ.
ಎಂದೂ ಅನ್ನೂದ ಅದು.
ಇವತ್ತು ಮೆಲ್ಲಕ ಅಂದಳು.

ನಾಕಕ್ಕ ಹತ್ತು ನಿಮಿಷ ಕಡಿಮಿ.
"ಪೇಷಂಟ್ ಹೆಸರು?"
ನಾ ಬಾಯಿ ತಗಿಯೂದ್ರೊಳಗ ಅತ್ತಿ ಬಗ್ಗಿದಳು,
"ಶಾವಂತ್ರೆವ್ವ."
"ಸಾವಿತ್ರಮ್ಮ ಅಂತ ಹಾಕ್ಲೇನ್ರಿ? ಕಂಪ್ಯೂಟರಿಗೆ ಸಲೀಸು."
ಹುಡುಗಿ ತುಟಿ ದಿಟ್ಟಿಸಿ ನೋಡಿದಳು ಅತ್ತಿ,
ಕೈ ಇನ್ನೂ ಕೌಂಟರಿನ ಕಲ್ಲ ಮ್ಯಾಲ.
"ಹೆಂಗ ಕರದಾರೋ
ಹಂಗ ಬರಿ."

ಡಾಕ್ಟರು ಬಂದಾಗ ಐದೂ ಕಾಲು.